ಮೈಲುತುತ್ತದ ಲೆಕ್ಕ

ಎಸ್ಸೆಸ್ಸೆಲ್ಸಿ ದಾಟಿದ ನಾವೆಲ್ಲ ರಾಸಾಯನಿಕ ಸಮೀಕರಣ ಸರಿದೂಗಿಸಿದವರೇ. ಎಡಗಡೆ ಆಮ್ಲಜನಕ ಎಷ್ಟು, ಬಲಗಡೆ ಎಷ್ಟು, ಇದರ ಹಿಂದೆ ಎರಡು ಹಾಕು, ಅದರ ಹಿಂದೆ ಮೂರು ಹಾಕು. ಎರಡು ಮಾರ್ಕ್ಸ್ ಬಂತು, ಮುಗೀತು. ಅದು ಯಾಕೆ ಸರಿದೂಗಲೇಬೇಕು ಅಂತ ಕ್ಲಾಸಲ್ಲಿ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಉತ್ತರ ನಮ್ಮ ಮೂಡಿಗೆರೆ ಕಡೆಯ ತೋಟಗಳ ಬೋರ್ಡೋ ಡ್ರಮ್ಮಿನಲ್ಲೇ ಇತ್ತು.

ಕಥೆ ಶುರುವಾಗೋದು ದ್ರಾಕ್ಷಿರಸದಿಂದ. 1789ರಲ್ಲಿ ಫ್ರಾನ್ಸಿನ ಲೆವಾಸಿಯೆ ತನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಒಂದು ಕಡೆ ದ್ರಾಕ್ಷಿರಸ, ಇನ್ನೊಂದು ಕಡೆ ಅದು ಹುಳಿತಾಗ ಬರುವ ಇಂಗಾಲದ ಡೈಆಕ್ಸೈಡ್ ಮತ್ತು ಆಲ್ಕೋಹಾಲ್ ಬರೆದು, ನಡುವೆ ಸಮಚಿಹ್ನೆ ಹಾಕಿದ. ಒಳಗೆ ಹೋದಷ್ಟೇ ಹೊರಗೆ ಬರಬೇಕು. ಹೊಸದಾಗಿ ಏನೂ ಹುಟ್ಟಲ್ಲ, ಏನೂ ಮಾಯವಾಗಲ್ಲ. ಆತ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕೂಟದ ಪಾಲುದಾರನೂ ಹೌದು, ಜಮಾ-ಖರ್ಚು ತಾಳೆ ನೋಡಿ ರೂಢಿಯಿದ್ದವನು. ಆ ತೆರಿಗೆ ಕೆಲಸವೇ 1794ರಲ್ಲಿ ಅವನನ್ನು ಗಿಲೊಟಿನ್‌ಗೆ ಒಯ್ದಿತು.

ಸುಮಾರು ತೊಂಬತ್ತು ವರ್ಷದ ನಂತರ, ಅದೇ ದೇಶದ ಬೋರ್ಡೋ ಸೀಮೆ. ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದನ್ನ 1882ರಲ್ಲಿ ಮಿಯಾರ್ಡೆ ಎಂಬ ಪ್ರೊಫೆಸರ್ ಗಮನಿಸಿದ. 1885ರಲ್ಲಿ ಮಿಶ್ರಣದ ವಿವರ ಪ್ರಕಟಿಸಿದ.

ಅದನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರಲ್ಲಿ ಮುಖ್ಯರು ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಕೊಳೆರೋಗ ತಡೆಯುತ್ತಿದ್ದ ಊರುಗಳಿಗೆ ಅವರು ಬೋರ್ಡೋ ಸಿಂಪಡಣೆ ಕಲಿಸಿದರು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. ಕಾಫಿಯ ಎಲೆ ತುಕ್ಕಿಗೂ ಕೊಳೆರೋಗಕ್ಕೂ ಇವತ್ತಿಗೂ ಇದೇ ನೀಲಿ ಔಷಧಿ.

ಡ್ರಮ್ಮಿನೊಳಗಿನ ಸಮೀಕರಣ ಸರಳವಾಗಿ ಹೀಗೆ: ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್. ಅಣುತೂಕ ಹಿಡಿದು ಲೆಕ್ಕ ಹಾಕಿದರೆ 1 ಕೆ.ಜಿ. ಮೈಲುತುತ್ತಕ್ಕೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಆದರೆ ಶೇ. 1ರ ದ್ರಾವಣಕ್ಕೆ ನಮ್ಮವರು 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕ್ತಾರೆ. ದಡ್ಡತನ ಅಲ್ಲ. ಅಂಗಡಿ ಸುಣ್ಣ ಶುದ್ಧ ಇರಲ್ಲ. ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದಂತಾಗುತ್ತೆ. ಸುಣ್ಣ ಹೆಚ್ಚಾದರೆ ತೊಂದರೆ ಕಮ್ಮಿ, ಕರಗಿದ ತಾಮ್ರ ಉಳಿದರೆ ಎಲೆ ಸುಟ್ಟುಹೋಗುತ್ತೆ.

ಹಾಗಾದರೆ ಸರಿದೂಗಿದೆ ಅಂತ ಗೊತ್ತಾಗೋದು ಹೇಗೆ? ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೀತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ. ಆ ಕೆಂಪು ತಾಮ್ರವೇ: ಕಬ್ಬಿಣ ಕರಗಿ, ಅದರ ಜಾಗಕ್ಕೆ ತಾಮ್ರ ಬಂದು ಕೂತಿರುತ್ತೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಅಂತ ಹೆಸರು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಕತ್ತಿ ಒಂದು ಯೂನಿಟ್ ಟೆಸ್ಟ್.

ಇಷ್ಟಕ್ಕೇ ಲೆಕ್ಕ ಮುಗಿಯಲ್ಲ. ಒಂದು ಕೆ.ಜಿ. ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇದೆ. ರೋಗ ತಡೆದ ಮೇಲೆ ಅದು ಎಲ್ಲಿ ಹೋಯ್ತು? ಮಳೆಗೆ ತೊಳೆದು ಎಲೆಯಿಂದ ನೆಲಕ್ಕೆ ಬೀಳುತ್ತೆ, ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಹೆಚ್ಚಿನ ಪಾಲು ಅಲ್ಲೇ ಉಳಿಯುತ್ತೆ. ತಾಮ್ರ ಕೊಳೆಯಲ್ಲ, ಹಾರಿಹೋಗಲ್ಲ. ಅತಿಯಾದರೆ ಎರೆಹುಳುವಿಗೆ, ಮಣ್ಣಿನ ಜೀವಿಗಳಿಗೆ ಕಷ್ಟ. ಈ ಔಷಧಿ ಹುಟ್ಟಿದ ಯುರೋಪಿನಲ್ಲೇ ಈಗ ಮಿತಿ ಇದೆ: 7 ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ. ತಾಮ್ರ. ಅಂದರೆ ಸರಾಸರಿ ವರ್ಷಕ್ಕೆ ಸುಮಾರು 16 ಕೆ.ಜಿ. ಮೈಲುತುತ್ತ.

ಬೋರ್ಡೋ ಬಿಡಿ ಅಂತ ನಾನು ಹೇಳ್ತಿಲ್ಲ. ಸತತ ಮಳೆ ಹಿಡಿದ ಜುಲೈನಲ್ಲಿ ಕಳಸದ ಅಡಿಕೆ ತೋಟದವರಿಗೆ ಹಾಗೆ ಹೇಳೋ ಧೈರ್ಯ ಯಾರಿಗಿದೆ? ಆದರೆ ಮಣ್ಣು ಪರೀಕ್ಷೆಗೆ ಕಳಿಸುವಾಗ ಪಿಎಚ್, ಸಾರಜನಕ, ರಂಜಕ, ಪೊಟ್ಯಾಷ್ ಜೊತೆ ತಾಮ್ರವನ್ನೂ ಬರೆಸಿ. ಬೆಂಗಳೂರಲ್ಲಿ ಕೂತು ಊರಿನ ತೋಟದ ಖರ್ಚು ಸ್ಪ್ರೆಡ್‌ಶೀಟಲ್ಲಿ ಇಡುವ ನಮ್ಮಂಥವರು ಅದಕ್ಕೊಂದು ಕಾಲಂ ಸೇರಿಸಿಕೊಳ್ಳಬಹುದು: ಈ ವರ್ಷ ನೆಲಕ್ಕೆ ಎಷ್ಟು ತಾಮ್ರ ಹೋಯ್ತು. ಸಮೀಕರಣದ ಎಡಗಡೆ ಬಿಲ್ಲು ಅಂಗಡಿಯಿಂದ ಬರುತ್ತೆ. ಬಲಗಡೆಯದನ್ನು ನಾವೇ ಬರೆದಿಡಬೇಕು.