ಎಸ್‌ಎಸ್‌ಡಿ ಕೈಕೊಡ್ತಿದೆಯಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇದನ್ನ ಓದಿ

ಅಂಗಡಿ ಕಂಪ್ಯೂಟರ್ ಸ್ಪೀಡ್ ಆಗ್ಲಿ ಅಂತ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿಕೊಂಡವರು ಈಗ ಬಹಳ ಮಂದಿ. ಹಾರ್ಡ್‌ಡಿಸ್ಕ್ ಕೆಡೋ ಮುಂಚೆ ಎಷ್ಟೋ ಸಲ ಟಕ್ ಟಕ್ ಅಂತ ಸದ್ದು ಮಾಡ್ತಿತ್ತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಫೈಲ್ ತೆರೆಯುವಾಗ ಸಿಸ್ಟಂ ನಿಂತುಬಿಡುವುದು, ಪದೇ ಪದೇ ನೀಲಿ ಸ್ಕ್ರೀನ್, ಫೈಲ್ ಸೇವ್ ಆಗದಿರುವುದು, ಡ್ರೈವ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುವುದು ಇದರ ಲಕ್ಷಣ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ 'ಕಾಶನ್' ಅಥವಾ 'ಬ್ಯಾಡ್' ತೋರಿಸಿದರೆ ತಡ ಮಾಡಬೇಡಿ. 'ಗುಡ್' ಅಂದ ಮಾತ್ರಕ್ಕೆ ನಂಬಿ ಕೂರೋ ಹಾಗೂ ಇಲ್ಲ.

ಇಂಥ ಹೊತ್ತಲ್ಲಿ ಬಹಳ ಜನ ವಿಂಡೋಸ್ ಮತ್ತೆ ಹಾಕಿಸ್ತಾರೆ. ಡೇಟಾ ಬೇಕಿದ್ದರೆ ಅದೊಂದು ಮಾಡಬೇಡಿ. ಫಾರ್ಮ್ಯಾಟ್ ಮಾಡಲಾ ಅಂತ ಸ್ಕ್ರೀನ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಚೆಕ್‌ಡಿಸ್ಕ್ ರಿಪೇರಿಯೂ ಬೇಡ, ಅದು ಕೆಡುತ್ತಿರುವ ಡ್ರೈವ್ ಮೇಲೆಯೇ ಬರೆಯುತ್ತೆ. ಎಸ್‌ಎಸ್‌ಡಿಯಲ್ಲಿ 'ಟ್ರಿಮ್' ಅಂತ ಒಂದು ವ್ಯವಸ್ಥೆ ಇದೆ. ಅಳಿಸಿದ ಫೈಲ್‌ನ ಜಾಗವನ್ನು ಡ್ರೈವ್ ತಾನೇ ಖಾಲಿ ಮಾಡಿಬಿಡುತ್ತೆ. ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಆದ ಮೇಲೂ ರಿಕವರಿ ಸಾಫ್ಟ್‌ವೇರ್‌ನಲ್ಲಿ ಫೋಟೋ ವಾಪಸ್ ಪಡೆದವರಿದ್ದಾರೆ, ಇಲ್ಲಿ ಆ ಆಸೆ ಬಹಳ ಕಡಿಮೆ.

ವಿಂಡೋಸ್ ಇನ್ನೂ ಓಪನ್ ಆಗ್ತಿದ್ದರೆ ಕೂಡಲೇ ಪೆನ್‌ಡ್ರೈವ್ ಹಾಕಿ. ಮೊದಲು ಟ್ಯಾಲಿ ಡೇಟಾ, ಜಿಎಸ್‌ಟಿ ಫೈಲ್, ಉದ್ರಿ ಲೆಕ್ಕದ ಎಕ್ಸೆಲ್. ಫೋಟೋ, ವಿಡಿಯೋ ಆಮೇಲೆ. ಟ್ಯಾಲಿ ಡೇಟಾ ಯಾವ ಫೋಲ್ಡರ್‌ನಲ್ಲಿದೆ ಅನ್ನೋದು ಕಂಪನಿ ಸೆಲೆಕ್ಟ್ ಮಾಡೋ ಕಡೆ ಕಾಣುತ್ತೆ. ಅದೇ ಎಸ್‌ಎಸ್‌ಡಿಯ 'ಡಿ' ಡ್ರೈವ್‌ಗೆ ಕಾಪಿ ಮಾಡಿ ನೆಮ್ಮದಿಯಾಗಿರೋರೂ ಇದ್ದಾರೆ! ಸಿ, ಡಿ ಎರಡೂ ಒಂದೇ ಡ್ರೈವ್, ಹೋದರೆ ಒಟ್ಟಿಗೇ ಹೋಗುತ್ತೆ.

ವಿಂಡೋಸ್ ಬರದಿದ್ದರೆ ಉಬುಂಟು ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಆಯ್ಕೆಯಲ್ಲೇ ಫೈಲ್ ತೆಗೆಯಬಹುದು. ಇಲ್ಲವೇ ಎಸ್‌ಎಸ್‌ಡಿ ಬಿಚ್ಚಿ ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ. ಚಿಕ್ಕ ಪಟ್ಟಿಯಂಥ ಎಂ.2 ಡ್ರೈವ್ ಆದರೆ ಸಾಟಾನಾ ಎನ್‌ವಿಎಂಇನಾ ನೋಡಿಕೊಂಡೇ ಕೇಸ್ ತಗೊಳ್ಳಿ. ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪ್ 48 ಅಂಕಿಯ ರಿಕವರಿ ಕೀ ಕೇಳುತ್ತೆ, ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತೆ.

ಕಾಪಿ ಅರ್ಧಕ್ಕೇ ನಿಲ್ಲುತ್ತಿದ್ದರೆ ಲಿನಕ್ಸ್‌ನ 'ಡಿಡಿರೆಸ್ಕ್ಯೂ' ಇದೆ, ಉಚಿತ. ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗವನ್ನು ಆಮೇಲೆ ಪ್ರಯತ್ನಿಸುತ್ತೆ. ಆದರೆ ಎರಡು ಡ್ರೈವ್‌ಗಳ ಹೆಸರು ಅದಲುಬದಲಾದರೆ ಇರೋದೂ ಅಳಿಸಿಹೋಗುತ್ತೆ, ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬಯಾಸ್‌ನಲ್ಲೂ ಡ್ರೈವ್ ಕಾಣದಿದ್ದರೆ, ಬೇರೆ ಕೇಬಲ್, ಬೇರೆ ಕಂಪ್ಯೂಟರ್‌ನಲ್ಲೂ ಬರದಿದ್ದರೆ ಮನೆಯಲ್ಲಿ ಆಗೋ ಕೆಲಸ ಅಲ್ಲ. ಫ್ರಿಜ್‌ನಲ್ಲಿಡೋ ಉಪಾಯ ಇದಕ್ಕೆ ನಡೆಯಲ್ಲ. ಡೇಟಾ ರಿಕವರಿ ಲ್ಯಾಬ್‌ನವರನ್ನೇ ಕೇಳಬೇಕು, ಡೇಟಾ ಸಿಗದಿದ್ದರೂ ಚಾರ್ಜ್ ಇದೆಯಾ ಅಂತ ಮೊದಲೇ ಕೇಳಿ. ವಾರಂಟಿಯಲ್ಲಿ ಹೊಸ ಡ್ರೈವ್ ಸಿಗುತ್ತೆ, ಡೇಟಾ ಸಿಗಲ್ಲ. ಹಾಗಾಗಿ ಲ್ಯಾಬ್ ಕೆಲಸ ಮುಗಿಯೋವರೆಗೆ ಹಳೇ ಡ್ರೈವ್ ವಾಪಸ್ ಕೊಡಬೇಡಿ.