ಬಾವಿ ಕಾಣತೈತಿ, ತೋಡಿದವರು?

ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ ಕಾದಂಬರಿಯೊಳಗೆ ಒಬ್ಬ ವಿಜ್ಞಾನಿ ಪ್ರಯೋಗ ಮಾಡಿಕೊಂಡು ಕಣ್ಣಿಗೆ ಕಾಣದಂಗ ಆಗ್ತಾನ. 1952ರಲ್ಲಿ ಅಮೆರಿಕದ ಕಪ್ಪು ಲೇಖಕ ರಾಲ್ಫ್ ಎಲಿಸನ್ ಬರೆದ ನಾಯಕನೂ ಕಾಣಂಗಿಲ್ಲ. ಅವನ ಮೈಯಲ್ಲಿ ಏನೂ ಬದಲಾಗಿಲ್ಲ, ಮಂದಿ ನೋಡಲು ಒಪ್ಪೋದಿಲ್ಲ ಅಷ್ಟೇ. ನಮ್ಮದು ಈ ಎರಡನೇದು.

ಬೆಳಗಾವಿಯ ಟಿಳಕವಾಡಿಯಲ್ಲಿ 1924ರ ಕಾಂಗ್ರೆಸ್ ಅಧಿವೇಶನಕ್ಕೆ ತೋಡಿದ ಬಾವಿ ಇನ್ನೂ ಐತಿ. ಅಧ್ಯಕ್ಷರು ಗಾಂಧೀಜಿ ಅಂತ ಮಕ್ಕಳಿಗೂ ಗೊತ್ತು. ಗುದ್ದಲಿ ಹಿಡಿದವರು ಯಾರು? ಪಾಠದಲ್ಲಿ ಬರೋದಿಲ್ಲ. ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದ್ದು ಅದಾದ ಮೇಲೆ, 1927ರಲ್ಲಿ.

1831ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಕಂಪನಿ ಸರ್ಕಾರಕ್ಕೆ ಬರೀ ಬಂಡುಕೋರ. ವೀರನಾಗಿ ಉಳಿಸಿದ್ದು ಲಾವಣಿ ಹಾಡಿದ ಮಂದಿ.

ನಿಮ್ಮ ಕೇರಿಯ ಹಿರಿಯರನ್ನ ಕೇಳ್ರಿ: ಯಾವ ಬಾವಿ, ಯಾವ ರಸ್ತೆ ಯಾರ ಕೈಯದು? ಹೆಸರು ಸಮೇತ ಬರೆದಿಡ್ರಿ.