ಕವಾಯತು ಒಂದು ಕಡೆ, ಪೌರನೀತಿ ಒಂದು ಕಡೆ: ಎನ್.ಸಿ.ಸಿ. ನಡೆದು ಬಂದ ದಾರಿ

ಪ್ಲಸ್ ಟು ಮುಗಿಸಿ ಪದವಿಗೆ ಸೇರುವ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮನೆಗಳಲ್ಲಿ ಎನ್.ಸಿ.ಸಿ. ಎಂದೊಡನೆ ಏಳುವ ಪ್ರಶ್ನೆ ಒಂದೇ: "ಸೇರಿದರೆ ಮಿಲಿಟ್ರಿಗೆ ಹೋಗಲೇಬೇಕಾ ಮಾಷ್ಟ್ರೇ?" ಹೋಗಬೇಕಾಗಿಲ್ಲ. ಕೆಡೆಟ್ ಆದ ಮಾತ್ರಕ್ಕೆ ಯಾರನ್ನೂ ಯುದ್ಧಸೇವೆಗೆ ಕರೆಯುವಂತಿಲ್ಲ ಎಂದು 1948ರ ಕಾಯ್ದೆಯಲ್ಲಿಯೇ ಬರೆದಿದೆ. ಆದರೂ ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 2021ರಲ್ಲಿ ಯು.ಜಿ.ಸಿ.ಯು ಎನ್.ಸಿ.ಸಿ.ಯನ್ನು ಪದವಿಯಲ್ಲಿ ಕ್ರೆಡಿಟ್ ಸಿಗುವ ಐಚ್ಛಿಕ ವಿಷಯವಾಗಿ ಅಳವಡಿಸಿಕೊಳ್ಳಲು ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಹಾಗಾದರೆ ಇದು ಪಾಠವೋ, ಸೈನ್ಯದ ತಯಾರಿಯೋ? ಈ ಗೊಂದಲಕ್ಕೆ ನೂರು ವರ್ಷ ದಾಟಿದೆ.

ಮೊದಲನೇ ಮಹಾಯುದ್ಧದ ಕಾಲ. ಬ್ರಿಟಿಷರಿಗೆ ಜನ ಸಾಲದೆ ಬಂತು. 1917ರಲ್ಲಿ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾಯ್ದೆಯ ಅಡಿಯಲ್ಲಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ದಳಗಳು ಹುಟ್ಟಿಕೊಂಡವು. ಕಲ್ಕತ್ತೆಯ ದಳಕ್ಕೆ ಸೇರಿದವರಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜಿನ ಒಬ್ಬ ವಿದ್ಯಾರ್ಥಿ ಇದ್ದ. ಹಿಂದಿನ ವರ್ಷವಷ್ಟೇ ಪ್ರೆಸಿಡೆನ್ಸಿ ಕಾಲೇಜಿನಿಂದ ಹೊರಹಾಕಲ್ಪಟ್ಟವನು. 49ನೇ ಬಂಗಾಳಿ ರೆಜಿಮೆಂಟಿಗೆ ಸೇರಹೋದಾಗ ಕಣ್ಣು ಸರಿಯಿಲ್ಲವೆಂದು ವಾಪಸು ಕಳಿಸಿದ್ದರು. ಹೆಸರು ಸುಭಾಷ್ ಚಂದ್ರ ಬೋಸ್! ಗುಡಾರದಲ್ಲಿ ಮಲಗಿ ಬಂದೂಕು ಹಿಡಿದ ಆ ದಿನಗಳನ್ನು ಅವರು ತಮ್ಮ ಅಪೂರ್ಣ ಆತ್ಮಕಥೆಯಲ್ಲಿ ಸಂತೋಷದಿಂದಲೇ ನೆನೆದಿದ್ದಾರೆ. ಸಾಮ್ರಾಜ್ಯ ತನ್ನ ಕೆಲಸಕ್ಕೆಂದು ಕಲಿಸಿದ್ದನ್ನು ಕಲಿತವನು ಯಾವುದಕ್ಕೆ ಬಳಸಿಕೊಂಡ ಎಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ.

1920ರಲ್ಲಿ ಇದು ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆಯಿತು, 1942ರಲ್ಲಿ ಮತ್ತೆ ಹೆಸರು ಬದಲಾಯಿತು. ಪೌರಶಿಕ್ಷಣದ ಮಾತು ಅಲ್ಲಿ ಇರಲಿಲ್ಲ. ಪ್ರಜೆಗಳೇ ಅಲ್ಲದವರಿಗೆ ಪ್ರಜಾಧರ್ಮ ಕಲಿಸುವುದು ಹೇಗೆ?

ಆ ಮಾತು ಬಂದದ್ದು 1946ರಲ್ಲಿ ಪಂಡಿತ್ ಹೃದಯನಾಥ ಕುಂಜ್ರು ಅವರ ಸಮಿತಿಯ ಮೂಲಕ. ಇವರು ಸೈನಿಕರಲ್ಲ, ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದ ಅಧ್ಯಕ್ಷರು. ನಮ್ಮವರಿಗೆ ಈ ಹೆಸರು ಇನ್ನೊಂದು ಕಾರಣಕ್ಕೂ ಗೊತ್ತಿರಬೇಕು. ಕಾಸರಗೋಡನ್ನು ಕೇರಳಕ್ಕೆ ಸೇರಿಸಬೇಕೆಂದು 1955ರಲ್ಲಿ ಶಿಫಾರಸು ಮಾಡಿದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಒಬ್ಬರು ಇದೇ ಕುಂಜ್ರು. ಫಜಲ್ ಅಲಿ, ಪಣಿಕ್ಕರ್ ಹೆಸರುಗಳು ನಮ್ಮ ಹಿರಿಯರ ಬಾಯಲ್ಲಿ ಉಳಿದವು, ಇವರದು ಮಾತ್ರ ಮರೆತೇ ಹೋಯಿತು. ಅದಿರಲಿ. ಅವರ ಸಮಿತಿಯ ವರದಿಯ ಮೇಲೆ 1948ರ ಏಪ್ರಿಲ್‌ನಲ್ಲಿ ಕಾಯ್ದೆಯಾಗಿ, ಜುಲೈನಲ್ಲಿ ಎನ್.ಸಿ.ಸಿ. ಶುರುವಾಯಿತು. ಮೊದಲ ನಿರ್ದೇಶಕರು ಕರ್ನಲ್ ಗೋಪಾಲ ಗುರುನಾಥ ಬೇವೂರ್. ಮುಂದೆ 1973ರಲ್ಲಿ ಭೂಸೇನೆಯ ಮುಖ್ಯಸ್ಥರಾದವರು ಇವರೇ. 1949ರಲ್ಲಿ ಹುಡುಗಿಯರ ವಿಭಾಗ ಬಂತು. ನೆಹರೂ ಅವರ ಆಸಕ್ತಿಯಿಂದ ಐವತ್ತರ ದಶಕದಲ್ಲಿ ಸಮಾಜಸೇವೆಯೂ ಪಾಠಪಟ್ಟಿಗೆ ಸೇರಿತು. ಕವಾಯತಿನ ಜೊತೆಗೆ ಊರಿನ ಕೆಲಸ.

1962ರ ಚೀನಾ ಯುದ್ಧ ಈ ತಕ್ಕಡಿಯನ್ನು ಒಂದೇ ಕಡೆಗೆ ವಾಲಿಸಿತು. 1963ರಲ್ಲಿ ಕಾಲೇಜು ಹುಡುಗರಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. 1965ರ ಯುದ್ಧದಲ್ಲಿ ಕೆಡೆಟ್‌ಗಳು ಮದ್ದುಗುಂಡಿನ ಕಾರ್ಖಾನೆಗಳಲ್ಲಿ ನೆರವಾದರು, ವೈಮಾನಿಕ ದಾಳಿಯ ಸಮಯದಲ್ಲಿ ನಾಗರಿಕ ರಕ್ಷಣೆಗೆ ನಿಂತರು. ಅದು ದೊಡ್ಡ ಸೇವೆ, ಸಂಶಯವಿಲ್ಲ. ಆದರೆ ಹಾಜರಿಗಾಗಿ ಬಂದು ನಿಲ್ಲುವವನಿಗೂ ಮನಸ್ಸಿಟ್ಟು ಬಂದವನಿಗೂ ಇರುವ ವ್ಯತ್ಯಾಸ ಮೇಷ್ಟ್ರಾದವರಿಗೆ ಚೆನ್ನಾಗಿ ಗೊತ್ತು.

ಕಡ್ಡಾಯದ ಕಾಲದಲ್ಲಿಯೇ ಭಾಷೆಯ ತಕರಾರೂ ಎದ್ದಿತು. 1965ರಲ್ಲಿ ಆಗಿನ ಮದ್ರಾಸ್ ರಾಜ್ಯದ ಕಾಲೇಜು ವಿದ್ಯಾರ್ಥಿಗಳು ಹಿಂದಿ ವಿರುದ್ಧ ಬೀದಿಗಿಳಿದಿದ್ದರು. 1967ರಲ್ಲಿ ಅಣ್ಣಾದೊರೈ ಸರ್ಕಾರ ಬಂತು. 1968ರ ಜನವರಿಯಲ್ಲಿ ಅಲ್ಲಿನ ವಿಧಾನಸಭೆ ಅಂಗೀಕರಿಸಿದ ಭಾಷಾ ನಿರ್ಣಯದಲ್ಲಿ ಎನ್.ಸಿ.ಸಿ.ಯ ಹಿಂದಿ ಆಜ್ಞೆಗಳನ್ನು ಕೈಬಿಡಬೇಕು ಎಂಬುದೂ ಒಂದು ಅಂಶ. 'ಸಾವಧಾನ್', 'ವಿಶ್ರಾಮ್' ಎಂಬ ನಾಲ್ಕು ಮಾತಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ತಾನಾಗಿ ಸೈನ್ಯಕ್ಕೆ ಸೇರಿದವನು ಯಾವ ಭಾಷೆಯ ಆಜ್ಞೆಯನ್ನಾದರೂ ಒಪ್ಪಿಕೊಂಡೇ ಬಂದಿರುತ್ತಾನೆ. ಡಿಗ್ರಿ ಓದಲು ಬಂದವನ ಮೇಲೆ ಅದನ್ನು ಹೇರಿದರೆ ಅದರ ಅರ್ಥ ಬೇರೆಯಾಗುತ್ತದೆ.

ನಮ್ಮ ಅಭಿಪ್ರಾಯ ಮಾತ್ರ ಆಜ್ಞೆಗಳ ಬಗ್ಗೆ ಅಲ್ಲ. ಮನೆಯಲ್ಲಿ ತುಳುವೋ ಮರಾಠಿಯೋ ಹವ್ಯಕ ಕನ್ನಡವೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳಿಗೆ 'ತೇಜ್ ಚಲ್' ಎಂಬುದು ಒಂದೇ ವಾರದ ಕಲಿಕೆ. ಕಷ್ಟ ಇನ್ನೊಂದು ಅರ್ಧದಲ್ಲಿದೆ. ಸಂವಿಧಾನ, ಪೌರನ ಕರ್ತವ್ಯ, ವಿಪತ್ತು ನಿರ್ವಹಣೆ, ಆರೋಗ್ಯ ಇವೂ ಕೆಡೆಟ್‌ಗಳ ಪಾಠಗಳೇ. ಇವುಗಳಲ್ಲಿ ಎದ್ದು ನಿಂತು "ಯಾಕೆ ಸಾರ್?" ಎಂದು ಕೇಳಬೇಕು. ಕಾಲು ಎತ್ತಿ ಇಡುವುದಕ್ಕೆ ಭಾಷೆ ಅಷ್ಟಾಗಿ ಬೇಡ, ಪ್ರಶ್ನೆ ಕೇಳುವುದಕ್ಕೆ ಬೇಕು. ಕನ್ನಡದ ಹುಡುಗಿ ಪರೇಡಿನಲ್ಲಿ ಮೊದಲ ಸಾಲಿನಲ್ಲಿದ್ದು, ಈ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತರೆ ಅವಳಿಗೆ ದಕ್ಕಿದ್ದು ಅರ್ಧ ಎನ್.ಸಿ.ಸಿ. ಮಾತ್ರ.

1967ರ ಏಪ್ರಿಲ್‌ನಲ್ಲಿ ರಾಜ್ಯಗಳ ಶಿಕ್ಷಣ ಸಚಿವರ ಸಮ್ಮೇಳನ, ಎನ್.ಸಿ.ಸಿ. ಇಷ್ಟವಿದ್ದವರಿಗೆ ಇರಲಿ, ಬೇಡದವರಿಗೆ ರಾಷ್ಟ್ರೀಯ ಸೇವಾ ಯೋಜನೆ ಎಂಬ ಹೊಸ ದಾರಿ ತೆರೆಯಲಿ ಎಂದಿತ್ತು. 1968ರಲ್ಲಿ ಕಡ್ಡಾಯ ಹೋಯಿತು. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಎನ್.ಎಸ್.ಎಸ್. ಆರಂಭವಾಯಿತು. 1971ರ ಯುದ್ಧದ ನಂತರ ಎನ್.ಸಿ.ಸಿ.ಯೂ ಪಾಠಪಟ್ಟಿ ತಿದ್ದಿಕೊಂಡು ನಾಯಕತ್ವ, ಸಮಾಜಸೇವೆಗೆ ಹೆಚ್ಚು ಜಾಗ ಕೊಟ್ಟಿತು.

ಹಾಗೆಂದು ಸೈನ್ಯದ ಬಾಗಿಲು ಮುಚ್ಚಿಲ್ಲ. ಕಾಲೇಜಿನಲ್ಲಿ 'ಸಿ' ಸರ್ಟಿಫಿಕೇಟ್ ಪಡೆದ ಪದವೀಧರ ಹುಡುಗ ಹುಡುಗಿಯರು ವಿಶೇಷ ಪ್ರವೇಶದಡಿ ಭೂಸೇನೆಯ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದರೆ ಲಿಖಿತ ಪರೀಕ್ಷೆ ಇಲ್ಲ, ಆಯ್ಕೆಯಾದವರಿಗೆ ನೇರ ಎಸ್.ಎಸ್.ಬಿ. ಸಂದರ್ಶನ. ಇಲ್ಲೇ ಓದುವವರು ಕೇರಳ ಮತ್ತು ಲಕ್ಷದ್ವೀಪ ನಿರ್ದೇಶನಾಲಯಕ್ಕೆ, ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯಕ್ಕೆ ಸೇರುತ್ತಾರೆ. ಸರ್ಟಿಫಿಕೇಟಿನ ಬೆಲೆ ಎರಡು ಕಡೆಯೂ ಒಂದೇ. ತರಬೇತಿ ಕೊಡುವ ಎ.ಎನ್.ಒ.ಗಳು ಅದೇ ಕಾಲೇಜಿನ ಅಧ್ಯಾಪಕರು. ಗಂಡಸರಾದರೆ ಕಾಂಪ್ಟಿಯಲ್ಲಿ, ಹೆಂಗಸರಾದರೆ ಗ್ವಾಲಿಯರಿನಲ್ಲಿ ಕಲಿತು ಬಂದಿರುತ್ತಾರೆ. ಸೇರುವ ಮೊದಲು ಮನೆಯವರು ಒಮ್ಮೆ ಅವರನ್ನು ಕಂಡು, ಪೌರಶಿಕ್ಷಣದ ತರಗತಿಗಳನ್ನು ಯಾವ ಭಾಷೆಯಲ್ಲಿ ನಡೆಸುತ್ತಾರೆ, ಕನ್ನಡದಲ್ಲಿ ಪ್ರಶ್ನೆ ಕೇಳಬಹುದೇ ಎಂದು ವಿಚಾರಿಸಿ.